ಮನೆ ಕಟ್ಟುವ ಕೈಗಳಿಗೆ ಶಿಕ್ಷಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಹೇಳಿದ ಹಿರಿಯರು ಖರ್ಚಿನ ಕಷ್ಟವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ತೋರುತ್ತದೆ. ಕಟ್ಟಿದ ಮೇಲೆ ಆ ಮನೆಯಲ್ಲಿ ಮಲಗಿ ಏಳುವ ಕಷ್ಟವನ್ನು ಅವರು ಹೇಳಲಿಲ್ಲ. ಬಹುಶಃ ಹೆಂಚಿನ ಮನೆ, ಮಣ್ಣಿನ ಗೋಡೆಯ ಆ ಕಾಲದಲ್ಲಿ ಆ ಕಷ್ಟ ಇಷ್ಟಿರಲಿಲ್ಲ. ಇಂದು ನಮ್ಮ ಬಯಲುಸೀಮೆಯ ಯಾವ ಊರಿಗೆ ಹೋದರೂ ತಾರಸಿ ಮನೆಗಳೇ ಕಾಣುತ್ತವೆ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಆ ತಾರಸಿ ಹಗಲು ಕುಡಿದ ಬಿಸಿಲನ್ನು ಕೆಳಗೆ ಮಲಗಿದವರ ಮೇಲೆ ಸುರಿಸುತ್ತಲೇ ಇರುತ್ತದೆ. ಆಷಾಢ ಬಂತೆಂದರೆ ಅದೇ ಮನೆಯ ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಸಾಲ ಮಾಡಿ ಕಟ್ಟಿಸಿದವನು ಮತ್ತೆ ಸಾಲ ಮಾಡಿ ಫ್ಯಾನು, ಕೂಲರು ತರುತ್ತಾನೆ.

ಹೀಗಾಗಬೇಕಾದುದಿಲ್ಲ. ಕಡಿಮೆ ಶಕ್ತಿಯನ್ನು ವ್ಯಯಮಾಡಿ, ಬೇಸಗೆಯಲ್ಲಿ ತಂಪಾಗಿಯೂ ಮಳೆಗಾಲದಲ್ಲಿ ಒಣಗಿಯೂ ಇರುವ, ಹೊಗೆ ನಿಲ್ಲದ ಮನೆಯನ್ನು ಕಟ್ಟುವ ವಿದ್ಯೆ ನಮ್ಮ ರಾಜ್ಯದಲ್ಲೇ ಸುಮಾರು ಅರ್ಧ ಶತಮಾನದಿಂದ ಇದೆ. ಅದು ಗ್ರಂಥಗಳಲ್ಲಿ ಸೇರಿದೆ, ಪ್ರಯೋಗಾಲಯಗಳಲ್ಲಿದೆ, ಕೆಲವು ಇಂಜಿನಿಯರುಗಳ ತಲೆಯಲ್ಲೂ ಇದೆ. ಸೇರಬೇಕಾದ ಒಂದು ಕಡೆ ಮಾತ್ರ ಸಾಕಷ್ಟು ಸೇರಿಲ್ಲ. ಅದು ಕರಣೆ ಹಿಡಿದ ಕೈ. ಈ ಲೇಖನ ಆ ಕೈಗೆ ದೊರೆಯಬೇಕಾದ ತರಬೇತಿಯನ್ನು ಕುರಿತದ್ದು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ಇಂಜಿನಿಯರಿಂಗ್ ಓದಿದವನಲ್ಲ. ಆದರೆ ನನ್ನ ಸೋದರಮಾವ ಗಾರೆ ಮೇಸ್ತ್ರಿ. ಎರಡು ಬೇಸಗೆಯ ರಜೆಗಳಲ್ಲಿ ಅವನ ಕೈಕೆಳಗೆ ಇಟ್ಟಿಗೆ ಹೊತ್ತು, ಕಲಸಿದ ಗಾರೆಯನ್ನು ಬಾಂಡಲಿಯಲ್ಲಿ ಎತ್ತಿಕೊಟ್ಟವನು ನಾನು. ಓದಿದ್ದು ಸ್ವಲ್ಪ, ಹೊತ್ತದ್ದು ಹೆಚ್ಚು.

ಮೊದಲು ಶಕ್ತಿಯ ಮಾತು. ಮನೆ ಎರಡು ಸಲ ಶಕ್ತಿಯನ್ನು ತಿನ್ನುತ್ತದೆ. ಅದರೊಳಗೆ ನಾವು ವಾಸಿಸುವಾಗ ದೀಪ, ಫ್ಯಾನು, ಒಲೆಗಳ ರೂಪದಲ್ಲಿ ತಿನ್ನುವುದು ಎಲ್ಲರಿಗೂ ಗೊತ್ತು, ಏಕೆಂದರೆ ತಿಂಗಳಿಗೊಮ್ಮೆ ಅದರ ಬಿಲ್ಲು ಬರುತ್ತದೆ. ಕಟ್ಟುವ ಮೊದಲೇ ತಿಂದ ಶಕ್ತಿಗೆ ಬಿಲ್ಲು ಬರುವುದಿಲ್ಲ. ಅದು ಇಟ್ಟಿಗೆಯ ಗೂಡಿನಲ್ಲಿ, ಸಿಮೆಂಟಿನ ಕಾರ್ಖಾನೆಯಲ್ಲಿ, ಉಕ್ಕಿನ ಕುಲುಮೆಯಲ್ಲಿ ಉರಿದುಹೋಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ ಅವರು ಇದನ್ನು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಒಂದು ಕಿಲೋಗ್ರಾಂ ಸಿಮೆಂಟಿಗೆ 5.85 ಮೆಗಾಜೌಲು, ಒಂದು ಕಿಲೋಗ್ರಾಂ ಉಕ್ಕಿಗೆ 42 ಮೆಗಾಜೌಲು ಎಂದು ಅವರ ಲೆಕ್ಕ. ಮೆಗಾಜೌಲು ಎಂದರೆ ನಮ್ಮಂಥವರ ಕಣ್ಣಿಗೆ ಕಟ್ಟುವುದಿಲ್ಲವಾದ್ದರಿಂದ ಗುಣಿಸಿ ನೋಡಿದೆ: 50 ಕಿಲೋಗ್ರಾಮಿನ ಒಂದು ಸಿಮೆಂಟ್ ಮೂಟೆಯಲ್ಲಿ ಅಡಗಿರುವ ಶಕ್ತಿ 81 ಯೂನಿಟ್ ವಿದ್ಯುತ್ತಿಗೆ ಸಮ. ಮಿತವಾಗಿ ಬಾಳುವ ಸಂಸಾರಕ್ಕೆ ಅದು ತಿಂಗಳೊಂದಕ್ಕೆ ಸಾಕು. ಹಳ್ಳಿಯ ಒಂದು ಪುಟ್ಟ ಮನೆಗೂ ಎಷ್ಟು ಮೂಟೆ ಇಳಿಯುತ್ತದೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ಇದೇ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಗ್ರಾಮಾಂತರ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬುದು ಆ ಹೆಸರಿನ ಅರ್ಥ. ಇಂಗ್ಲಿಷಿನ ಮೊದಲಕ್ಷರಗಳು ಕೂಡಿ ನಮ್ಮ ಭಾಷೆಯಲ್ಲೂ ಅರ್ಥ ಕೊಡುವ ಪದವಾದದ್ದು ಸೊಗಸು. ಈಗ ಅದರ ಹೆಸರು ಸುಸ್ಥಿರ ತಂತ್ರಜ್ಞಾನ ಕೇಂದ್ರ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದು ಪ್ರಯೋಗಕ್ಷೇತ್ರವನ್ನು ತೆರೆಯಿತು. ಅಲ್ಲಿ ಬೆಳೆದ ವಿದ್ಯೆಗಳಲ್ಲಿ ಒಂದು ಒತ್ತಿದ ಮಣ್ಣಿನ ಬ್ಲಾಕು. ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ತೆಗೆದರೆ ಬ್ಲಾಕು ಸಿದ್ಧ. ಆ ಯಂತ್ರಗಳಲ್ಲೊಂದಕ್ಕೆ 'ಮರ್ದಿನಿ' ಎಂದು ಹೆಸರು. ಸುಡುವ ಕೆಲಸವೇ ಇಲ್ಲ. ಸುಟ್ಟ ಇಟ್ಟಿಗೆಯ ಒಂದು ಘನ ಮೀಟರ್ ಗೋಡೆಗೆ 2000 ಮೆಗಾಜೌಲಿಗೂ ಹೆಚ್ಚು ಶಕ್ತಿ ಬೇಕಾದರೆ, ಈ ಬ್ಲಾಕಿನ ಗೋಡೆಗೆ ಅದರ ಸುಮಾರು ಮೂರನೆಯ ಒಂದು ಭಾಗ ಸಾಕು.

ಇಷ್ಟು ಕೇಳಿದವರು 'ಹಾಗಾದರೆ ಎಲ್ಲರೂ ಏಕೆ ಇದರಿಂದಲೇ ಕಟ್ಟುವುದಿಲ್ಲ?' ಎಂದು ಕೇಳುವುದು ಸಹಜ. ಉತ್ತರ ಬ್ಲಾಕು ತಯಾರಾಗುವ ರೀತಿಯಲ್ಲೇ ಇದೆ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಲ್ಲ ಮಣ್ಣೂ ಬ್ಲಾಕಿಗೆ ಆಗದು. ಮರಳಿನಂಶ ಹೆಚ್ಚಾಗಿ, ಜೇಡಿಯ ಅಂಶ ನೂರಕ್ಕೆ ಹತ್ತು ಹದಿನೈದರಷ್ಟಿರಬೇಕು. ಜೇಡಿ ಹೆಚ್ಚಿದ್ದರೆ ಕ್ವಾರಿಯ ಪುಡಿಯನ್ನೋ ಮರಳನ್ನೋ ಸೇರಿಸಿ ಹದಕ್ಕೆ ತರಬೇಕು. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಸಿಮೆಂಟೊಂದಕ್ಕೇ ಬಗ್ಗುವುದಿಲ್ಲ. ಅದಕ್ಕೆ ಸುಣ್ಣ ಬೇಕು. ಮಣ್ಣನ್ನು ತಿಳಿಯುವ ಸುಲಭದ ಪರೀಕ್ಷೆಯೊಂದಿದೆ. ಗಾಜಿನ ಸೀಸೆಯಲ್ಲಿ ಮಣ್ಣು, ನೀರು ತುಂಬಿ ಕುಲುಕಿ ಇಟ್ಟರೆ ಮರಳು ಮೊದಲು ತಳಕ್ಕಿಳಿಯುತ್ತದೆ, ಅದರ ಮೇಲೆ ನವುರಾದ ಮೆಕ್ಕಲು, ಬಹಳ ಹೊತ್ತಿನ ಮೇಲೆ ಜೇಡಿ. ಪದರಗಳ ಎತ್ತರವನ್ನು ಅಳೆದರೆ ಪ್ರಮಾಣ ಅಂದಾಜಾಗುತ್ತದೆ. ಆಮೇಲೆ ನೀರಿನ ಹದ. ಕಲಸಿದ ಮಣ್ಣನ್ನು ಅಂಗೈಯಲ್ಲಿ ಉಂಡೆ ಕಟ್ಟಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚಾಯಿತು. ನಾಲ್ಕೈದು ಚೂರಾಗಿ ಒಡೆದರೆ ಸರಿ. ಸಿಮೆಂಟು ಬೆರೆತ ಮಣ್ಣನ್ನು ಬಹಳ ಹೊತ್ತು ಕಾಯಿಸುವಂತಿಲ್ಲ. ಕಲಸಿದಷ್ಟನ್ನೂ ಆಗಿಂದಾಗಲೇ ಒತ್ತಿ ಮುಗಿಸಬೇಕು. ಕೊನೆಯದು ನೀರುಣಿಸುವುದು. ಒತ್ತಿದ ಬ್ಲಾಕುಗಳನ್ನು ನೆರಳಿನಲ್ಲಿ ಜೋಡಿಸಿ, ಹುಲ್ಲನ್ನೋ ಗೋಣಿಯನ್ನೋ ಹೊದಿಸಿ, ಮೂರು ನಾಲ್ಕು ವಾರ ತೇವ ಆರದಂತೆ ನೋಡಿಕೊಳ್ಳಬೇಕು.

ಇವುಗಳಲ್ಲಿ ಒಂದಕ್ಕಾದರೂ ಪ್ರಯೋಗಾಲಯ ಬೇಕಿಲ್ಲ, ಗಣಿತವೂ ಬೇಕಿಲ್ಲ. ಬೇಕಾದದ್ದು ಅಭ್ಯಾಸ, ತಾಳ್ಮೆ, ಮತ್ತು ಏಕೆ ಹೀಗೆ ಮಾಡಬೇಕೆಂಬ ತಿಳಿವಳಿಕೆ. ಏಕೆಂಬುದು ತಿಳಿಯದಿದ್ದರೆ ಮೂರು ವಾರದ ನೀರು ಮೂರು ದಿನಕ್ಕೆ ಇಳಿಯುತ್ತದೆ. ನಮ್ಮೂರ ಪಕ್ಕದ ಹಳ್ಳಿಯೊಂದರಲ್ಲಿ ಒಬ್ಬ ಗುತ್ತಿಗೆದಾರರು ಮಣ್ಣಿನ ಬ್ಲಾಕಿನಿಂದ ಸಾಲುಮನೆಗಳನ್ನು ಕಟ್ಟಿಸಿದ್ದರು. ಮಣ್ಣನ್ನು ಜರಡಿ ಹಿಡಿಯಲಿಲ್ಲ. ಬೇಸಗೆಯಲ್ಲಿ ನೀರಿಗೆ ಬರವೆಂದು ಬ್ಲಾಕುಗಳನ್ನು ಬಿಸಿಲಿನಲ್ಲೇ ಬಿಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಗಳ ಕೆಳವರಸೆಗಳು ಬೆರಳಿಗೆ ಉದುರತೊಡಗಿದವು. ಊರವರು ಗುತ್ತಿಗೆದಾರರನ್ನು ಬೈಯಲಿಲ್ಲ, ಮಣ್ಣನ್ನು ಬೈದರು. ಆ ಮೇಲೆ ಆ ಸೀಮೆಯಲ್ಲಿ ಮಣ್ಣಿನ ಬ್ಲಾಕಿನ ಹೆಸರೆತ್ತಿದವರಿಗೆ ನಗುವೇ ಉತ್ತರ. ತರಬೇತಿಯಿಲ್ಲದೆ ಒಳ್ಳೆಯ ವಿದ್ಯೆಯನ್ನು ಹರಡಿದರೆ ಅದು ಹರಡುವುದಿಲ್ಲವೆಂಬುದಷ್ಟೇ ಅಲ್ಲ, ಮುಂದೆ ಹರಡುವ ದಾರಿಯನ್ನೂ ಮುಚ್ಚಿಬಿಡುತ್ತದೆ.

ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿಯವರ ಅನುಭವ ಇಲ್ಲಿ ನೆನಪಿಗೆ ಬರುತ್ತದೆ. 1940ರ ದಶಕದಲ್ಲಿ, ಯುದ್ಧದ ದೆಸೆಯಿಂದ ಮರವೂ ಉಕ್ಕೂ ದುರ್ಲಭವಾಗಿದ್ದಾಗ, ಅವರು ಮಣ್ಣಿನ ಇಟ್ಟಿಗೆಯಿಂದಲೇ ಕಮಾನು ಛಾವಣಿ ಕಟ್ಟಿಸಲು ಹೊರಟರು. ಕಟ್ಟಿದ ಕಮಾನುಗಳು ಕುಸಿದವು. ಕಡೆಗೆ ಅಸ್ವಾನಿನ ಬಳಿಯ ನೂಬಿಯಾ ಪ್ರಾಂತದ ಗಾರೆಯವರು, ಕೆಳಗೆ ಮರದ ಆಧಾರವನ್ನೇ ಕೊಡದೆ, ಇಟ್ಟಿಗೆಯನ್ನು ಓರೆಯಾಗಿ ಒಂದಕ್ಕೊಂದು ಒರಗಿಸುತ್ತ ಕಮಾನು ಎತ್ತುವುದನ್ನು ಕಂಡರು. ಅವರನ್ನೇ ಕರೆತಂದು ಉಳಿದವರಿಗೆ ಕಲಿಸಿದರು. ಲಕ್ಸರಿನ ಹತ್ತಿರದ ಹೊಸ ಗುರ್ನಾ ಗ್ರಾಮ ಹೀಗೆ ಎದ್ದಿತು. ಓದಿದ ಶಿಲ್ಪಿಗೆ ಓದದ ಗಾರೆಯವನು ಗುರುವಾದದ್ದು ಅಲ್ಲಿಯ ವಿಶೇಷ.

ನಮ್ಮಲ್ಲಿ ಆ ಬಗೆಯ ಕೆಲಸ ಮಾಡಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಕುಷ್ಠರೋಗಿಗಳ ಸೇವೆಯ ನಿಮಿತ್ತ ಭಾರತಕ್ಕೆ ಬಂದು, 1970ರ ಸುಮಾರಿಗೆ ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲಿಯೇ ತೀರಿಕೊಂಡರು. ನಿವೇಶನದಲ್ಲೇ ನಿಂತು, ಕಟ್ಟುವವರೊಡನೆ ಮಾತಾಡುತ್ತ, ನಕ್ಷೆಯನ್ನು ಅಲ್ಲಲ್ಲೇ ತಿದ್ದುತ್ತ ಕಟ್ಟಿಸುವುದು ಅವರ ಕ್ರಮ. ಅವರು ಬಳಕೆಗೆ ತಂದ 'ಇಲಿಬೋನು' ಕಟ್ಟಿನ ಗೋಡೆಯಲ್ಲಿ ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಗೋಡೆಯ ನಡುವೆ ಟೊಳ್ಳು ಉಳಿಯುತ್ತದೆ. ಇಟ್ಟಿಗೆ ನೂರಕ್ಕೆ ಇಪ್ಪತ್ತೈದರಷ್ಟು ಉಳಿಯುವುದಲ್ಲದೆ, ಟೊಳ್ಳಿನ ಗಾಳಿ ಹೊರಗಿನ ಕಾವನ್ನು ತಡೆಯುತ್ತದೆ. ಕಾಗದದ ಮೇಲೆ ಇದು ಬಲು ಸುಲಭ. ಮಾವ ಒಮ್ಮೆ ಇದನ್ನು ಕಟ್ಟುವಾಗ ಪಕ್ಕದಲ್ಲಿದ್ದೆ. ಇಟ್ಟಿಗೆಗಳು ಒಂದೇ ಅಳತೆಯವಾಗಿರಬೇಕು, ಗಾರೆ ಟೊಳ್ಳಿನೊಳಗೆ ಬೀಳಬಾರದು, ಹೊರಮುಖಕ್ಕೆ ಗಿಲಾವು ಇಲ್ಲದಿರುವುದರಿಂದ ಸಂದು ನೇರವಾಗಿರಬೇಕು. ದಿನಕ್ಕೆ ಎಷ್ಟು ಚದರ ಕಟ್ಟಿದೆಯೆಂದು ಕೂಲಿ ಎಣಿಸುವವನಿಗೆ ಇದು ನಷ್ಟದ ಕೆಲಸ. ಮಾಮೂಲಿ ಗೋಡೆಯಲ್ಲಿ ಸೊಟ್ಟಗಾದದ್ದನ್ನು ಗಿಲಾವು ಮುಚ್ಚುತ್ತದೆ. ಇಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ.

ಛಾವಣಿಯದು ಇನ್ನೂ ಮುಖ್ಯವಾದ ಪಾಠ. ನಮ್ಮದು ಸೂರ್ಯ ನೆತ್ತಿಯ ಮೇಲೆ ನಡೆಯುವ ನಾಡು. ಬೇಸಗೆಯಲ್ಲಿ ದಕ್ಷಿಣದ ಗೋಡೆಗೆ ಬೀಳುವ ಬಿಸಿಲು ಅಲ್ಪ; ತಾರಸಿಯೂ, ಅದರ ತರುವಾಯ ಪೂರ್ವ ಪಶ್ಚಿಮದ ಗೋಡೆಗಳೂ ಬೇಯುತ್ತವೆ. (ನಮ್ಮ ಕಾಲೇಜಿನ ಪಡುವಣ ಕೊಠಡಿಗಳಲ್ಲಿ ಮಧ್ಯಾಹ್ನದ ಕೊನೆಯ ಪೀರಿಯಡ್ಡಿಗೆ ನಾವು ಬೆವರುವುದಕ್ಕೆ ಪಾಠದ ಕಠಿಣತೆಯೊಂದೇ ಕಾರಣವಲ್ಲವೆಂದು ಅಧ್ಯಾಪಕ ವರ್ಗಕ್ಕೆ ಸವಿನಯವಾಗಿ ತಿಳಿಸುತ್ತೇನೆ.) ಬೇಕರ್ ಅವರು ತಾರಸಿಯ ಕಾಂಕ್ರೀಟಿನ ಕೆಳಭಾಗದಲ್ಲಿ, ಕಂಬಿಗಳ ನಡುವೆ, ಮಂಗಳೂರು ಹೆಂಚುಗಳನ್ನು ಎರಡೆರಡಾಗಿ ಇಡಿಸುತ್ತಿದ್ದರು. ತಾರಸಿ ಬಾಗಲು ಹವಣಿಸಿದಾಗ ಅದರ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಸಿಕ್ಕುತ್ತದೆ. ಎಳೆತವನ್ನು ಹೊರುವುದು ಕಂಬಿ. ಅಲ್ಲಿಯ ಕಾಂಕ್ರೀಟು ಕಂಬಿಯನ್ನು ಹಿಡಿದಿರುವುದು ಬಿಟ್ಟರೆ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಆ ಸೋಮಾರಿ ಕಾಂಕ್ರೀಟಿನ ಜಾಗದಲ್ಲಿ ಹೆಂಚು ಕುಳಿತರೆ ಸಿಮೆಂಟೂ ಉಳಿಯಿತು, ಭಾರವೂ ಇಳಿಯಿತು, ಹೆಂಚುಗಳ ನಡುವಿನ ಗಾಳಿಯಿಂದ ಕಾವೂ ತಗ್ಗಿತು. ಆದರೆ ಹೆಂಚನ್ನು ಮೊದಲೇ ನೆನೆಸದಿದ್ದರೆ ಅದು ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತದೆ. ಕಂಬಿಯ ಸುತ್ತ ಕಾಂಕ್ರೀಟು ತುಂಬದಿದ್ದರೆ ತುಕ್ಕು ಹಿಡಿಯುತ್ತದೆ. ಮತ್ತೆ ಕೈಯ ಮಾತೇ ಬಂತು.

ಸರ್ಕಾರ ಸುಮ್ಮನೆ ಕುಳಿತಿಲ್ಲ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ 'ಇಕೋ ನಿವಾಸ್ ಸಂಹಿತೆ'ಯನ್ನು ಹೊರತಂದಿತು. ಛಾವಣಿಯ ಮೂಲಕ ಎಷ್ಟು ಕಾವು ಇಳಿಯಬಹುದು, ಗೋಡೆ ಕಿಟಕಿಗಳ ಮೂಲಕ ಎಷ್ಟು ಬರಬಹುದು ಎಂಬುದಕ್ಕೆಲ್ಲ ಅದು ಮಿತಿ ಹಾಕಿತು. ಬೆಂಗಳೂರಿನಂಥ ಸಮಶೀತೋಷ್ಣದ ಊರಿನಲ್ಲಿ ತೆರೆಯಬಲ್ಲ ಕಿಟಕಿ ಬಾಗಿಲುಗಳು ನೆಲದ ವಿಸ್ತೀರ್ಣದ ಎಂಟನೆಯ ಒಂದು ಭಾಗವಾದರೂ, ಮಂಗಳೂರಿನಂಥ ಸೆಕೆಯ ಕರಾವಳಿಯಲ್ಲಿ ಆರನೆಯ ಒಂದು ಭಾಗವಾದರೂ ಇರಬೇಕೆಂದು ಹೇಳಿತು. ಒಳ್ಳೆಯ ಮಾತು. ಆದರೆ ಹೊರಬಂದಾಗ ಅದು 500 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳನ್ನು ಉದ್ದೇಶಿಸಿತ್ತು. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟುವ ಗುಮಾಸ್ತನ ಮನೆಗೆ ಆ ಸಂಹಿತೆಯೂ ಇಲ್ಲ, ವಾಸ್ತುಶಿಲ್ಪಿಯೂ ಇಲ್ಲ. ಅಲ್ಲಿ ಕಿಟಕಿ ಎಲ್ಲಿರಬೇಕು, ಸಜ್ಜಾ ಎಷ್ಟು ಮುಂದಕ್ಕೆ ಚಾಚಬೇಕು ಎಂಬುದನ್ನು ತೀರ್ಮಾನಿಸುವವನು ಮೇಸ್ತ್ರಿ. ಹೀಗಿರಲಾಗಿ ಅವನಿಗೆ ಬಿಸಿಲಿನ ದಾರಿಯನ್ನು ಕಲಿಸುವುದು ದೊಡ್ಡ ಇಂಜಿನಿಯರಿಗೆ ಕಲಿಸುವುದಕ್ಕಿಂತ ಹೆಚ್ಚು ಮನೆಗಳನ್ನು ತಂಪು ಮಾಡುತ್ತದೆ ಎಂದು ನನ್ನ ಅಭಿಪ್ರಾಯ.

ಇನ್ನು ಆರೋಗ್ಯ. ಮನೆಯ ಆರೋಗ್ಯವೆಂದರೆ ಮುಖ್ಯವಾಗಿ ಗಾಳಿಯ ಆರೋಗ್ಯ. ಒಲೆಯ ಹೊಗೆ ಮೊದಲಾದ ಮನೆಯೊಳಗಣ ಮಲಿನ ಗಾಳಿಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 'ಅಸ್ತ್ರ ಒಲೆ'ಯೆಂದು ಪ್ರಸಿದ್ಧವಾದ ಮೂರು ಪಾತ್ರೆಯ, ಹೊಗೆಕೊಳವೆಯುಳ್ಳ ಒಲೆ ಬೆಂಗಳೂರಿನ ವಿಜ್ಞಾನಿಗಳ ಕೊಡುಗೆ. ಅದರ ಒಳಮೈ ಅಳತೆಗೆ ಅದರ ಜೀವವಿದೆ: ಉರಿಯ ಗೂಡು ಹಿಗ್ಗಿದರೆ, ಹೊಗೆಯ ದಾರಿ ಕುಗ್ಗಿದರೆ, ಸೌದೆಯೂ ಉಳಿಯದು, ಹೊಗೆಯೂ ಹೋಗದು. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದಲ್ಲಿ ಆರಂಭವಾಗಿ 2002ರವರೆಗೆ ನಡೆಯಿತು. ದೇಶದಾದ್ಯಂತ ಕೋಟಿಗಟ್ಟಲೆ ಒಲೆಗಳು ಎದ್ದವು, ಬಹಳಷ್ಟು ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕಟ್ಟಿದ ಒಲೆಗಳನ್ನು ಎಣಿಸಿದರು. ಕಟ್ಟುವವರಿಗೆ ಕಲಿಸುವುದೂ ಕೆಟ್ಟದ್ದನ್ನು ಸರಿಪಡಿಸುವುದೂ ಎಣಿಕೆಗೆ ಸಿಕ್ಕದ ಕೆಲಸಗಳು. ಇಂದು ಅನಿಲದ ಒಲೆ ಬಹುತೇಕ ಮನೆಗಳನ್ನು ಸೇರಿದೆ. ಆದರೂ ನಮ್ಮ ಹಳ್ಳಿಗಳ ಬಚ್ಚಲಿನಲ್ಲಿ ನೀರೊಲೆ ಇನ್ನೂ ಹೊಗೆಯಾಡುತ್ತಿದೆ, ಅದರ ಮುಂದೆ ಕೂರುವವರು ಯಾರೆಂಬುದು ಎಲ್ಲರಿಗೂ ಗೊತ್ತು.

ಆರೋಗ್ಯಕರ ಮನೆಯೆಂದಾಗ ಅದರಲ್ಲಿ ವಾಸಿಸುವವರ ಆರೋಗ್ಯವನ್ನೇ ಎಲ್ಲರೂ ಎಣಿಸುತ್ತಾರೆ. ಕಟ್ಟುವವರದು ಲೆಕ್ಕಕ್ಕೆ ಬರುವುದಿಲ್ಲ. ಗ್ರಾನೈಟನ್ನು ಯಂತ್ರದಿಂದ ಕೊಯ್ಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕುಳಿತು ಹೋಗುವುದೇ ಇಲ್ಲ. ನೀರು ಬಿಡುತ್ತ ಕೊಯ್ದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಮಾವನ ಬೆರಳ ಸಂದುಗಳು ವರ್ಷವಿಡೀ ಬಿರಿದಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕೈಗವಸು ಹಾಕಿಕೊ ಎಂದು ಅವನಿಗೆ ಮೊದಲ ಸಲ ಹೇಳಿದ್ದು ಒಂದು ತರಬೇತಿಯಲ್ಲಿ, ಅವನ ನಲವತ್ತೆರಡನೆಯ ವಯಸ್ಸಿನಲ್ಲಿ. ಮನೆಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೆ ಹಳೆಯ ಬಾಗಿಲಿನ ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವವನಿಗೆ ಆ ನಿಯಮ ರಕ್ಷಣೆ ಕೊಡದು. ಒಣಗಿದ್ದನ್ನು ಉಜ್ಜಬೇಡ, ಒದ್ದೆ ಮಾಡಿ ಉಜ್ಜು ಎಂದು ಯಾರಾದರೂ ಹೇಳಿಕೊಡಬೇಕು.

ಚಳಿದೇಶಗಳ ಕ್ರಮವನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ಕಟ್ಟಿದ ಮನೆಗಳಿಂದ ಹುಟ್ಟಿದ 'ಪಾಸಿವ್‌ಹೌಸ್' ಪದ್ಧತಿಯಲ್ಲಿ, ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ಟಿನಷ್ಟು ಕಾವಿನಲ್ಲೇ ಮನೆ ಬೆಚ್ಚಗಿರಬೇಕು. ಅಲ್ಲಿ ಇಂಜಿನಿಯರಿಗಲ್ಲದೆ ಕಸಬುದಾರರಿಗೂ ಪ್ರತ್ಯೇಕ ಪಾಠ, ಪರೀಕ್ಷೆ, ಪ್ರಮಾಣಪತ್ರಗಳುಂಟು. ಬಾಗಿಲಿಗೆ ಬೀಸಣಿಗೆ ಯಂತ್ರ ಕೂರಿಸಿ ಎಲ್ಲಿ ಗಾಳಿ ಸೋರುತ್ತದೆಂದು ನೋಡುತ್ತಾರೆ. ಸಂದು ಮುಚ್ಚುವ ಅವರ ವಿದ್ಯೆ ಸಂದು ತೆರೆಯಬೇಕಾದ ನಮಗೆ ಹಾಗೆಯೇ ಹೊಂದುವುದಿಲ್ಲ. ಕಸಬುದಾರನನ್ನೂ ವಿದ್ಯಾರ್ಥಿಯೆಂದು ಕಾಣುವ ರೀತಿ ಹೊಂದುತ್ತದೆ.

ನಮ್ಮಲ್ಲೂ ಪ್ರಯತ್ನಗಳಿಲ್ಲದಿಲ್ಲ. 1980ರ ದಶಕದ ಮಧ್ಯದಲ್ಲಿ ಕೇರಳದ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ಹುಟ್ಟಿತು. 1988ರಲ್ಲಿ ಅದೇ ಮಾದರಿಯನ್ನು ದೇಶಕ್ಕೆಲ್ಲ ಹರಡುವ ಯೋಜನೆ ಬಂತು, ನಮ್ಮ ಜಿಲ್ಲೆಗಳಲ್ಲೂ ನಿರ್ಮಿತಿ ಕೇಂದ್ರಗಳು ತೆರೆದವು. ಪುದುಚೇರಿಯ ಬಳಿಯ ಆರೋವಿಲ್ಲಿನಲ್ಲಿ 1989ರಿಂದ ಮಣ್ಣಿನ ಕಟ್ಟಡಗಳ ಸಂಸ್ಥೆಯೊಂದು ಪಾಠ ಹೇಳುತ್ತಿದೆ. ಗ್ರಾಮೀಣ ಆವಾಸ್ ಯೋಜನೆಯಡಿ ಗಾರೆಯವರಿಗೆ 45 ದಿನಗಳ ತರಬೇತಿಯುಂಟು. ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೆಂದರೆ, ಪಾಠ ನಡೆಯುವುದು ಯಾರೋ ಬಡವರಿಗೆ ನಿಜವಾಗಿ ಬೇಕಾದ ಮನೆಯೊಂದನ್ನು ಕಟ್ಟುತ್ತಲೇ. ತರಬೇತಿಗೆಂದು ಕಟ್ಟಿ ತರಬೇತಿ ಮುಗಿದೊಡನೆ ಕೆಡಹುವ ಗೋಡೆಗೂ, ನಾಳೆ ಒಂದು ಸಂಸಾರ ಮಲಗಲಿರುವ ಗೋಡೆಗೂ ಕಲಿಯುವವನ ಮನಸ್ಸಿನಲ್ಲಿ ವ್ಯತ್ಯಾಸವಿದೆ.

ಆದರೆ ತರಬೇತಿ ಮುಗಿದ ಮರುದಿನದ ಮಾತೇನು? ಮಾವ ಹೋಗಿದ್ದು ಮಣ್ಣಿನ ಬ್ಲಾಕಿನ ಒಂದು ವಾರದ ಶಿಬಿರಕ್ಕೆ. ಅಲ್ಲಿಂದ ಬಂದವನಿಗೆ ಕೊಟ್ಟ ಪ್ರಮಾಣಪತ್ರವನ್ನು ಅತ್ತೆ ದೇವರ ಪಟಗಳ ಪಕ್ಕ ತೂಗುಹಾಕಿದರು. ಅದನ್ನು ನೋಡಿ ಹೆಚ್ಚು ಕೂಲಿ ಕೊಟ್ಟವರು ಇದುವರೆಗೆ ಯಾರೂ ಇಲ್ಲ. 'ನಿಧಾನ ಮಾಡ್ತೀಯಪ್ಪ, ಮೊದಲಿನ ಹಂಗೆ ಕಟ್ಟು' ಎಂದವರು ಇಬ್ಬರು. ಅರ್ಥಶಾಸ್ತ್ರದ ತರಗತಿಯಲ್ಲಿ ಕುಶಲತೆ ಹೆಚ್ಚಿದರೆ ಕೂಲಿ ಹೆಚ್ಚುತ್ತದೆಂದು ಓದಿದ್ದೇವೆ. ಕೊಳ್ಳುವವನಿಗೆ ಆ ಕುಶಲತೆ ಕಾಣದಿದ್ದರೆ ಏನಾಗುತ್ತದೆಂಬುದನ್ನು ನಾನು ಮಾವನ ಮನೆಯಲ್ಲಿ ಓದಿದೆ. ತಂಪಾದ ಗೋಡೆಯ ಲಾಭ ಮನೆಯೊಡೆಯನಿಗೆ ಹತ್ತಾರು ವರ್ಷ ಸಿಕ್ಕುತ್ತದೆ, ನಿಧಾನದ ನಷ್ಟ ಮೇಸ್ತ್ರಿಗೆ ಅದೇ ವಾರ ಬೀಳುತ್ತದೆ. ಚದರಕ್ಕಿಷ್ಟೆಂದು ಕೂಲಿ ಕೊಡುವ ಪದ್ಧತಿ ಇರುವತನಕ ಮೂರು ವಾರದ ನೀರನ್ನು ಯಾರು ಕಾಯುತ್ತಾರೆ? ಸರ್ಕಾರಿ ಕಟ್ಟಡಗಳ ದರಪಟ್ಟಿಯಲ್ಲಿ ತರಬೇತಿ ಪಡೆದ ಕೈಗೆ ಬೇರೆ ದರವಿಟ್ಟು, ಅಂಥವರಿಂದಲೇ ಕಟ್ಟಿಸಬೇಕೆಂದು ವಿಧಿಸಿದರೆ, ಖಾಸಗಿಯವರೂ ಕ್ರಮೇಣ ಕೇಳತೊಡಗುತ್ತಾರೆಂದು ನನಗೆ ತೋರುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಬ್ಲಾಕಿಗೆ ನೀರುಣಿಸುವುದು, ಮಣ್ಣು ಜರಡಿ ಹಿಡಿಯುವುದು, ಹೆಂಚು ನೆನೆಸಿಡುವುದು, ಅಂದರೆ ಗೋಡೆಯ ಆಯುಸ್ಸು ನಿಂತಿರುವ ಕೆಲಸಗಳಲ್ಲಿ ಬಹುಪಾಲು, ಹೆಣ್ಣಾಳುಗಳ ಪಾಲಿನದು. ಮಾವ ಹೋಗಿದ್ದ ಶಿಬಿರದಲ್ಲಿ ಒಬ್ಬ ಹೆಂಗಸೂ ಇರಲಿಲ್ಲವಂತೆ. ಕಲಿತು ಬಂದದ್ದನ್ನು ಅವನು ತನ್ನ ಗುಂಪಿನವರಿಗೆಲ್ಲ ಹೇಳಿಕೊಟ್ಟ. ಈಗ ಅವನ ಕೆಲಸದಲ್ಲಿ ಮಣ್ಣಿನ ಉಂಡೆ ಕಟ್ಟಿ, ಎದೆಯೆತ್ತರದಿಂದ ಬಿಟ್ಟು, ಹದ ನೋಡಿ 'ಒತ್ತಬಹುದು' ಎಂದು ಹೇಳುವವಳು ಹದಿನಾರು ವರ್ಷ ಬಾಂಡಲಿ ಹೊತ್ತ ಒಬ್ಬ ಹೆಣ್ಣುಮಗಳು. ಅವಳ ಮಾತಿಲ್ಲದೆ ಯಂತ್ರದ ಹಿಡಿ ಕೆಳಗಿಳಿಯುವುದಿಲ್ಲ. ಶನಿವಾರದ ಬಟವಾಡೆಯಲ್ಲಿ ಅವಳಿಗೆ ಸಿಕ್ಕುವುದು ಮಾತ್ರ ಇಂದಿಗೂ ಹೆಣ್ಣಾಳಿನ ಕೂಲಿಯೇ.